ದೊಡ್ಡಪ್ಪನ ಹೆಸರು ಮೊದಲು ಬರುವ ವೆಬ್‌ಸೈಟು

ನಮ್ಮ ವಂಶದಲ್ಲಿ ಸ್ವಂತ ವೆಬ್‌ಸೈಟು ಮಾಡಿಕೊಂಡ ಮೊದಲನೆಯವಳು ನಾನು. ಒಂದೇ ತಿಂಗಳಲ್ಲಿ ದೊಡ್ಡಪ್ಪ, ಚಿಕ್ಕಪ್ಪ, ಸೋದರಮಾವ ಮೂವರ ಕೈಲೂ ಮಾತು ಬಿಡಿಸಿಕೊಂಡ ಮೊದಲನೆಯವಳೂ ನಾನೇ. ಎರಡಕ್ಕೂ ಕಾರಣ ಒಂದೇ ಆದ್ದರಿಂದ ಒಟ್ಟಿಗೇ ಹೇಳಿಬಿಡುತ್ತೇನೆ.

ಅದು ೨೦೦೫ರ ಬೇಸಿಗೆ. ನಂಜನಗೂಡಿನ ತಾಲ್ಲೂಕು ಕಚೇರಿಯ ಎದುರಿನ ಒಂದು ಡಿಟಿಪಿ ಅಂಗಡಿಯಲ್ಲಿ ನಾನು ಐದು ವರ್ಷದಿಂದ ಕೂತಿದ್ದೆ. ಬೆಳಿಗ್ಗೆಯೆಲ್ಲ ಜಾತಿ ಪ್ರಮಾಣಪತ್ರದ ಅರ್ಜಿ, ಪಹಣಿ ತಿದ್ದುಪಡಿ ಅರ್ಜಿ. ಮಧ್ಯಾಹ್ನದ ಮೇಲೆ ಮದುವೆ ಕಾರ್ಡು. ಸುತ್ತಲ ಹಳ್ಳಿಗಳಲ್ಲಿ ಯಾರ ಮನೆಯಲ್ಲಿ ಯಾರು ಹಿರಿಯರು, ಯಾರ ಹೆಸರು ಬಿಟ್ಟರೆ ಊಟದ ಎಲೆ ಮುಂದಿನಿಂದ ಯಾರು ಎದ್ದು ಹೋಗುತ್ತಾರೆ ಎಂಬುದು ಪೊಲೀಸರಿಗಿಂತ ನನಗೆ ಚೆನ್ನಾಗಿ ಗೊತ್ತಿತ್ತು. ಈ ವಿದ್ಯೆಯಿಂದ ಜೀವನದಲ್ಲಿ ಮುಂದೆ ಬರುವುದು ಕಷ್ಟ. ಅಂಗಡಿಯ ಡಯಲಪ್ ಇಂಟರ್‌ನೆಟ್ಟು ಉಸಿರಾಡುತ್ತಿರುವಾಗ ವೆಬ್ ಪುಟ ಮಾಡುವುದನ್ನೂ ಕಲಿತುಕೊಂಡಿದ್ದೆ.

ಅದೇ ಸಮಯಕ್ಕೆ ಪತ್ರಿಕೆಯಲ್ಲಿ ಒಂದು ಜಾಹೀರಾತು ಬಂತು. ಹಳೆಯ ಕನ್ನಡ ಪುಸ್ತಕಗಳ ವಿವರಗಳನ್ನೆಲ್ಲ ಇಂಟರ್‌ನೆಟ್ಟಿಗೆ ಏರಿಸಲು ಮೈಸೂರಿನ ಸರಸ್ವತಿಪುರಂನ ಒಂದು ಸಂಸ್ಥೆಗೆ ಒಬ್ಬರು ಬೇಕಾಗಿದ್ದರು. ಕೆಲಸ ಮೂರು ವರ್ಷಕ್ಕೆ ಖಾಯಂ. ಡಿಗ್ರಿಯಲ್ಲಿ ಎಷ್ಟು ನಂಬರು ಎಂದು ಯಾರೂ ಕೇಳಿರಲಿಲ್ಲ. ನಿಮ್ಮದೇ ಒಂದು ವೆಬ್‌ಸೈಟು ಮಾಡಿ ವಿಳಾಸ ಕಳಿಸಿ, ಅದು ಕನ್ನಡ ಇಂಗ್ಲಿಷ್ ಎರಡರಲ್ಲೂ ಇರಬೇಕು, ಯಾವ ಬ್ರೌಸರಿನಲ್ಲಿ ತೆರೆದರೂ ಸರಿಯಾಗಿ ಕಾಣಬೇಕು, ಜೂನ್ ಹದಿನೈದರ ಮೇಲೆ ನೋಡುತ್ತೇವೆ ಎಂದಿತ್ತು. ಓದಿದ ದಿನ ನನಗೆ ಅನ್ನ ಸೇರಲಿಲ್ಲ. ಆ ಕೆಲಸ ನನಗೆ ಬೇಕಾಗಿತ್ತು. ಇನ್ನೊಬ್ಬರ ಮದುವೆಯ ಕಾರ್ಡುಗಳನ್ನು ಜೋಡಿಸುತ್ತ ಮುದುಕಿಯಾಗುವ ಭಯ ಅಷ್ಟರಲ್ಲಾಗಲೇ ನನ್ನನ್ನು ಹಿಡಿದಿತ್ತು.

ವಿಷಯವನ್ನು ಅಪ್ಪ ಅವ್ವನಿಗೆ ಮಾತ್ರ ಹೇಳಿದೆ. ಅಪ್ಪ ಕರಿಯಯ್ಯ ತಾಲ್ಲೂಕು ಕಚೇರಿಯ ರೆಕಾರ್ಡು ರೂಮಿನಲ್ಲಿ ಅಟೆಂಡರು. ಅವ್ವ ಮುದ್ದಮ್ಮ ಸರ್ಕಾರಿ ಶಾಲೆಯಲ್ಲಿ ಬಿಸಿಯೂಟದ ಅಡುಗೆಯವಳು. "ಆಗೋಗಂಟ ಯಾರ್ಗೂ ಏಳ್ಬ್ಯಾಡಿ, ಕಣ್ ಬೀಳ್ತದೆ" ಎಂದಳು ಅವ್ವ. ಅಪ್ಪ ಆ ಮಾತನ್ನು ಅಕ್ಷರಶಃ ಪಾಲಿಸಿದ. ಕೆಲಸದ ವಿಚಾರ ಯಾರಿಗೂ ಹೇಳಲಿಲ್ಲ. ಬದಲಿಗೆ, ಮಗಳು ಇಂಟರ್‌ನೆಟ್ಟಿನಲ್ಲಿ ಪುಸ್ತಕ ಬಿಡುಗಡೆ ಮಾಡುತ್ತಿದ್ದಾಳೆ ಎಂದು ಎರಡು ತಾಲ್ಲೂಕಿಗೂ ಸಾರಿದ.

ನಾನು ಮಾಡಿದ್ದು ಸಣ್ಣ ಸೈಟು. ನನ್ನ ಹೆಸರು, ಓದು, ನಾನು ವಿನ್ಯಾಸ ಮಾಡಿದ ಕೆಲವು ಪುಟಗಳು, ಕನ್ನಡದಲ್ಲಿ ಒಂದು, ಇಂಗ್ಲಿಷಿನಲ್ಲಿ ಒಂದು. ಅಪ್ಪ ಅಂಗಡಿಗೆ ಬಂದು ಕನ್ನಡಕ ಹಾಕಿಕೊಂಡು ನೋಡಿದ. ಮೇಲೆ ಬುದ್ಧನ ಪಟ ಯಾಕಿಲ್ಲ ಎಂದ. ಹಾಕಿದೆ. ಪಟ ಪೂರ್ತಿ ಇಳಿಯಲು ಮೂರು ನಿಮಿಷ ಬೇಕಾಯಿತು. ಆತುರಪಡಬಾರದೆಂದು ಲೋಕಕ್ಕೆ ಹೇಳಿದವನ ಪಟವಾದ್ದರಿಂದ ನಾನೂ ಸುಮ್ಮನಿದ್ದೆ.

"ಸರಿ, ಎಸ್ರುಗಳೆಲ್ಲಿ?" ಎಂದ ಅಪ್ಪ.

"ಯಾರ ಹೆಸರು?"

"ಅಯ್ಯೋ, ದೊಡ್ಡಪ್ಪ, ಚಿಕ್ಕಪ್ಪ, ಮಾವಂದಿರದು ಕಣವ್ವ. ಇರೀಕ್ರ ಎಸ್ರಿಲ್ದೆ ಬುಡುಗಡೆ ಮಾಡಕ್ಕಾದದಾ? ನೀನೇ ಒತ್ತಾರೆಯಿಂದ ಬೈಗಿನವರ್ಗೂ ಕಾರ್ಡ್ ಮಾಡ್ತೀಯ, ಅಷ್ಟೂ ಗೊತ್ತಾಗಲ್ವಾ?"

ಇಲ್ಲಿ ನಾನು ಜಗಳ ಆಡಬೇಕಿತ್ತು. ಆದರೆ ಐದು ವರ್ಷ ಕಾರ್ಡು ಮಾಡಿದ ಕೈ ತಾನಾಗಿಯೇ ಕೆಲಸ ಮಾಡಿಬಿಟ್ಟಿತು. ಮುಖಪುಟದಲ್ಲಿ 'ತಮ್ಮ ಆಗಮನವನ್ನು ಬಯಸುವವರು' ಎಂದು ಬರೆದು ಕೆಳಗೆ ಇಪ್ಪತ್ತಾರು ಹೆಸರು ಹಾಕಿದೆ. ಮೇಲಿನ ಸಾಲಿನಲ್ಲಿ ಅಣ್ಣತಮ್ಮಂದಿರು ಮೂವರು, ಮೂರು ಚೌಕದಲ್ಲಿ: ಶ್ರೀಮತಿ ಮತ್ತು ಶ್ರೀ ದೊಡ್ಡಸಿದ್ದಯ್ಯ, ಶ್ರೀಮತಿ ಮತ್ತು ಶ್ರೀ ಕರಿಯಯ್ಯ, ಶ್ರೀಮತಿ ಮತ್ತು ಶ್ರೀ ಚನ್ನಯ್ಯ. ಅದರ ಕೆಳಗೆ ಬೀಗರು, ಅವರ ಕೆಳಗೆ ಉಳಿದವರು. ನಮ್ಮ ಕಡೆಯ ಕಾರ್ಡುಗಳಲ್ಲಿ ಹೆಂಗಸರು 'ಶ್ರೀಮತಿ ಮತ್ತು' ಎಂಬ ಎರಡು ಪದದೊಳಗೆ ವಾಸ ಮಾಡುತ್ತಾರೆ. ಅವ್ವನೂ ಅಲ್ಲೇ ಇದ್ದಳು.

ಮೊದಲ ದೂರು ಹುಲ್ಲಹಳ್ಳಿಯಿಂದ ಬಂತು. ಅಲ್ಲಿ ಬತ್ತ ಬೆಳೆಯುವ ಚಿಕ್ಕಪ್ಪ ಚನ್ನಯ್ಯನ ಮಗಳು ಕವನ ಮೈಸೂರಿನ ಕಾಲೇಜಿನಲ್ಲಿ ಓದುತ್ತಿದ್ದಳು. ಕಾಲೇಜಿನ ಕಂಪ್ಯೂಟರಿನಲ್ಲಿ ಫೈರ್‌ಫಾಕ್ಸ್ ಎಂಬ ಹೊಸ ಬ್ರೌಸರು ಇತ್ತು. ಒಂದೇ ಪುಟವನ್ನು ಒಂದೊಂದು ಬ್ರೌಸರು ಒಂದೊಂದು ಅಳತೆಯಲ್ಲಿ ತೋರಿಸುತ್ತಿದ್ದ ಕಾಲ ಅದು. ನನ್ನ ಅಂಗಡಿಯ ಎಕ್ಸ್‌ಪ್ಲೋರರಿನಲ್ಲಿ ಮೂರು ಚೌಕವೂ ಒಂದೇ ಸಾಲಿನಲ್ಲಿ ಸೌಹಾರ್ದದಿಂದ ಕೂತಿದ್ದರೆ, ಫೈರ್‌ಫಾಕ್ಸಿನಲ್ಲಿ ಚೌಕಗಳು ಸ್ವಲ್ಪ ಉಬ್ಬಿ, ಜಾಗ ಸಾಲದೆ, ಮೂರನೆಯದು ಕೆಳಕ್ಕೆ ಬಿದ್ದಿತ್ತು. ಚಿಕ್ಕಪ್ಪ ಬೀಗರ ಸಾಲಿನಲ್ಲಿದ್ದ.

ಅವನು ಬಸ್ಸು ಹತ್ತಿಕೊಂಡು ನೇರ ಅಂಗಡಿಗೇ ಬಂದ. "ಬೀಗ್ರ ಪಕ್ದಲ್ಲಿ ಕೂರ್ಸಿದ್ದೀಯಲ್ಲವ್ವ, ನಾನೇನ್ ನಿಮ್ಮನೇಗೆ ಎಣ್ ಕೊಟ್ಟೋನಾ? ಅಣ್ಣಂದ್ರು ಏಳ್ಕೊಟ್ರಾ ಇಂಗ್ ಮಾಡು ಅಂತ?"

ಬ್ರೌಸರುಗಳ ಅಳತೆಯ ವ್ಯತ್ಯಾಸವನ್ನು ನಾನು ವಿವರಿಸಿದೆ. ಎಲ್ಲವನ್ನೂ ತಾಳ್ಮೆಯಿಂದ ಕೇಳಿ, ಜಮೀನು ಭಾಗ ಮಾಡುವಾಗಲೂ ಹೀಗೇ ಅಳತೆಯ ನೆಪ ಹೇಳಿದ್ದರು ಎಂದು ಹೊರಟುಹೋದ.

ಎರಡನೆಯ ದೂರು ಚಿಕ್ಕಯ್ಯನಛತ್ರದ ಸೋದರಮಾವನದು. ಅವನು ನೋಡಿದ್ದು ಪರಿಚಯದವರೊಬ್ಬರ ಮನೆಯ ಹಳೆಯ ಕಂಪ್ಯೂಟರಿನಲ್ಲಿ. ಅದಕ್ಕೆ ಕನ್ನಡ ಬರುತ್ತಿರಲಿಲ್ಲ. ಅಕ್ಷರಗಳ ಜಾಗದಲ್ಲಿ ಖಾಲಿ ಡಬ್ಬಗಳು ಕಾಣುತ್ತಿದ್ದವು. "ನಿಮ್ಮಪ್ಪನ್ ಕಡೆಯೋರ್ಗೆಲ್ಲ ಎಸ್ರು, ನಂಗ್ ಮಾತ್ರ ಖಾಲಿ ಡಬ್ಬ!" ಎಂದು ಫೋನಿನಲ್ಲಿ ಕೂಗಾಡಿದ. ಅಲ್ಲಿ ಎಲ್ಲರ ಹೆಸರೂ ಡಬ್ಬಗಳೇ ಆಗಿದ್ದವು. ಅವನು ಎಣಿಸಿಕೊಂಡು ಹೋಗಿ ತನ್ನ ಡಬ್ಬವನ್ನಷ್ಟೇ ನೋಡಿ ಬಂದಿದ್ದ.

ಮೂರನೆಯ ದೂರು ಬಂದದ್ದು ಟಿ. ನರಸೀಪುರದಿಂದ, ಸಾಕ್ಷಾತ್ ದೊಡ್ಡಪ್ಪನಿಂದ. ದೊಡ್ಡಸಿದ್ದಯ್ಯನವರು ಸೊಸೈಟಿಯ ನಿವೃತ್ತ ಸೆಕ್ರೆಟರಿ. ನೆಂಟರಿಷ್ಟರಲ್ಲಿ ಯಾವ ಗಂಡು ಹೆಣ್ಣಿನ ಮಾತುಕತೆಯೂ ಅವರಿಲ್ಲದೆ ಮುಗಿಯುತ್ತಿರಲಿಲ್ಲ. ಅವರ ಮಗ ರಾಹುಲ್ ಅಲ್ಲಿನ ಸೈಬರ್ ಸೆಂಟರಿನಲ್ಲಿ ನನ್ನ ಇಂಗ್ಲಿಷ್ ಪುಟವನ್ನು ಪ್ರಿಂಟು ಹಾಕಿಸಿ ತಂದೆಯ ಕೈಗಿಟ್ಟಿದ್ದ. ಇಂಗ್ಲಿಷ್ ಪುಟದಲ್ಲಿ ನಾನು ಹೆಸರುಗಳನ್ನು ಅಕಾರಾದಿಯಾಗಿ ಜೋಡಿಸಿದ್ದೆ. ಹಾಗಾಗಿ ಚನ್ನಯ್ಯ ಮೇಲೆ, ದೊಡ್ಡಸಿದ್ದಯ್ಯ ಕೆಳಗೆ.

"ಏನವ್ವ ಯಶೋಧ, ಕನ್ನಡ್ದಲ್ ನಾನ್ ದೊಡ್ಡೋನು, ಇಂಗ್ಲೀಸ್‌ನಲ್ ಅವನ್ ದೊಡ್ಡೋನಾ? ಒಂದೊಂದ್ ಬಾಸೇಗೆ ಒಂದೊಂದ್ ನ್ಯಾಯವಾ? ಪಾರಿನ್ನವ್ರು ನೋಡುದ್ರೆ ನನ್ನ ಏನಂದ್ಕತಾರೆ?"

ವಿದೇಶದಲ್ಲಿ ತಮ್ಮ ಹಿರಿತನದ ಬಗ್ಗೆ ಏಳುವ ಅನುಮಾನಗಳು ದೊಡ್ಡಪ್ಪನ ನಿದ್ದೆ ಕೆಡಿಸಿದ್ದವು.

ಹದಿನೈದನೆಯ ತಾರೀಖು ಹತ್ತಿರ ಬರುತ್ತಿತ್ತು. ಪಟ್ಟಿಯನ್ನೇ ಕಿತ್ತು ಬಿಸಾಡುತ್ತೇನೆಂದೆ. ಅಪ್ಪ ಎರಡು ದಿನ ಊಟ ಬಿಟ್ಟ. ನಾನು ಸೋತು ತಿದ್ದಲು ಕೂತೆ. ಚೌಕಗಳನ್ನು ಕಿರಿದು ಮಾಡಿ ಚಿಕ್ಕಪ್ಪನನ್ನು ಮೇಲಿನ ಸಾಲಿಗೆ ತಂದೆ. ಕನ್ನಡ ಬಾರದ ಕಂಪ್ಯೂಟರಿನವರಿಗೆಂದು ಹೆಸರುಗಳನ್ನೆಲ್ಲ ಚಿತ್ರದಂತೆ ಅಚ್ಚುಮಾಡಿ ಬೇರೆ ಪುಟ ಮಾಡಿದೆ. ಎರಡು ಭಾಷೆಯಲ್ಲೂ ವಯಸ್ಸಿನ ಪ್ರಕಾರವೇ ಜೋಡಿಸಿದೆ. ಎಲ್ಲ ಸರಿಹೋದಾಗ ದೊಡ್ಡಪ್ಪ ಮತ್ತೆ ಫೋನು ಮಾಡಿ, ಹೊಸ ಮೊಬೈಲು ತಗೊಂಡಿದ್ದೀನಿ, ಕಾರ್ಡಿನಲ್ಲಿ ಹಾಕುವ ಹಾಗೆ ಹೆಸರಿನ ಮುಂದೆ ನಂಬರು ಹಾಕು ಎಂದರು. ಅವರಿಗೆ ಹಾಕಿದರೆ ಉಳಿದವರಿಗೂ ಹಾಕಬೇಕು. ಹಾಕಿದೆ. ಚೌಕಗಳು ಅಗಲವಾಗಿ ಚಿಕ್ಕಪ್ಪ ಪುನಃ ಬೀಗರ ಸಾಲಿಗೆ ಬಿದ್ದ.

ಜಾಗ ಎಲ್ಲಿಂದ ತರುವುದು ಎಂದು ಇಡೀ ಮಧ್ಯಾಹ್ನ ಯೋಚಿಸಿದೆ. ಕೊನೆಗೆ ಪ್ರತಿ ಹೆಸರಿನ ಹಿಂದಿದ್ದ 'ಶ್ರೀಮತಿ ಮತ್ತು' ಎಂಬುದನ್ನು ತೆಗೆದೆ. ಧಾರಾಳವಾಗಿ ಜಾಗವಾಯಿತು. ಮೂವರು ಅಣ್ಣತಮ್ಮಂದಿರೂ ಎಲ್ಲ ಬ್ರೌಸರುಗಳಲ್ಲಿ, ಎರಡು ಭಾಷೆಗಳಲ್ಲಿ, ಒಂದೇ ಸಾಲಿನಲ್ಲಿ ನೆಟ್ಟಗೆ ನಿಂತರು. ಇಪ್ಪತ್ತಕ್ಕೂ ಹೆಚ್ಚು ಹೆಂಗಸರು ಒಂದೇ ಏಟಿಗೆ ಮಾಯವಾದರು. ಅದರ ಬಗ್ಗೆ ಮಾತ್ರ ಎಲ್ಲಿಂದಲೂ ದೂರು ಬರಲಿಲ್ಲ.

ಜೂನ್ ಇಪ್ಪತ್ತಕ್ಕೆ ಸಂಸ್ಥೆಯವರು ಸಂದರ್ಶನಕ್ಕೆ ಕರೆದರು. ಸಂಸ್ಥೆಯ ಮುಖ್ಯಸ್ಥರು ಶಿವಸ್ವಾಮಿ ಎಂಬ ಸಾವಧಾನದ ಮನುಷ್ಯ. ನಾಲ್ಕು ಕಂಪ್ಯೂಟರುಗಳ ಮುಂದೆ ನನ್ನನ್ನು ನಿಲ್ಲಿಸಿ ನಾಲ್ಕು ಬ್ರೌಸರಿನಲ್ಲಿ ನನ್ನ ಸೈಟು ತೆರೆದರು. ಒಂದು ಚೌಕವೂ ಅಲುಗಲಿಲ್ಲ, ಒಂದು ಒತ್ತಕ್ಷರವೂ ಕಳಚಿ ಬೀಳಲಿಲ್ಲ. ಬೇರೆಯವರ ಸೈಟುಗಳು ಎಲ್ಲಾದರೂ ಒಂದು ಕಡೆ ಮುರಿದಿವೆ, ನಿಮ್ಮದು ಹೇಗೆ ಇಷ್ಟು ಸರಿಯಾಗಿದೆ, ಯಾರ ಕೈಲಿ ಪರೀಕ್ಷೆ ಮಾಡಿಸಿದಿರಿ ಎಂದು ಕೇಳಿದರು.

"ನೆಂಟರ ಕೈಲಿ ಸರ್" ಎಂದೆ.

ಅವರು ನಕ್ಕರು. ನಾನು ತಮಾಷೆ ಮಾಡುತ್ತಿದ್ದೇನೆ ಎಂದುಕೊಂಡರು. ಅವರೆಲ್ಲಿ ಬಲ್ಲರು, ಮುನಿಸಿಕೊಂಡ ನೆಂಟನೊಬ್ಬ ತನ್ನ ಹೆಸರನ್ನು ಹುಡುಕುವ ಶ್ರದ್ಧೆಯಲ್ಲಿ ಯಾವ ಸಂಬಳದವನೂ ತಪ್ಪು ಹುಡುಕುವುದಿಲ್ಲ ಎಂದು. ಸ್ವಲ್ಪ ವಿಚಾರಿಸಿಕೊಂಡು ತಿಳಿಸುತ್ತೇವೆ ಎಂದರು. ಬಸ್ಸಿನಲ್ಲಿ ವಾಪಸು ಬರುವಾಗ ಕೆಲಸ ಸಿಕ್ಕಿದಷ್ಟೇ ಖುಷಿಯಾಗಿತ್ತು. ಕಿಟಕಿಯಾಚೆ ಕಡಕೊಳದ ಫ್ಯಾಕ್ಟರಿ ಗೋಡೆಗಳೂ ಚೆಂದ ಕಂಡವು.

ಮೂರು ದಿನ ಏನೂ ಸುದ್ದಿಯಿಲ್ಲ. ನಾಲ್ಕನೆಯ ದಿನ, ಶುಕ್ರವಾರ ಮಧ್ಯಾಹ್ನ, ದೊಡ್ಡಪ್ಪ ಒಂದು ಕೈಯಲ್ಲಿ ಸ್ವೀಟಿನ ಪೊಟ್ಟಣ, ಇನ್ನೊಂದರಲ್ಲಿ ಮೊಬೈಲು ಹಿಡಿದುಕೊಂಡು ನಮ್ಮ ಮನೆಗೆ ಬಂದರು. ಅಪ್ಪ ಊಟಕ್ಕೆ ಬಂದಿದ್ದ. ನಾನೂ ಮನೆಯಲ್ಲಿದ್ದೆ. ಬಿಸಿಯೂಟ ಮುಗಿಸಿ ಆಗಷ್ಟೇ ಬಂದಿದ್ದ ಅವ್ವ ರೂಢಿಯಂತೆ ಒಳಬಾಗಿಲ ಹಿಂದೆ ಸರಿದಳು. ನಮ್ಮಲ್ಲಿ ಗಂಡನ ಅಣ್ಣನ ಎದುರು ಹೆಂಗಸರು ನಿಂತು ಮಾತಾಡುವುದಿಲ್ಲ. ನನಗೆ ತಿಳಿದಂತೆ ಇಪ್ಪತ್ತೆಂಟು ವರ್ಷದಲ್ಲಿ ಅವ್ವ ಆ ಭಾವನ ಮುಂದೆ ಬಾಯಿ ತೆರೆದದ್ದಿಲ್ಲ.

"ಕರಿಯ, ಬಾಯ್ ಸೀ ಮಾಡ್ಕೊಳ್ಳಾ" ಎಂದರು ದೊಡ್ಡಪ್ಪ. "ಕೂಸಿಗ್ ಮೈಸೂರಿಂದ ಸಂಬಂದ ಬಂದದೆ. ನಾನೇ ಎಲ್ಲಾನೂ ಕುದುರ್ಸಿವ್ನಿ."

ನಾನೂ ಅಪ್ಪನೂ ಮುಖ ಮುಖ ನೋಡಿಕೊಂಡೆವು.

"ಮನ್ನೆ ಪೋನ್ ಬಂತು ಕಣ್ಲಾ. ನಾನು ಮೈಸೂರಿಂದ ಶಿವಸ್ವಾಮಿ ಅಂತ, ಯಶೋಧರಾ ಬಗ್ಗೆ ಸ್ವಲ್ಪ ವಿಚಾರಿಸಬೇಕಿತ್ತು, ಇಂಟರ್‌ನೆಟ್‌ನಲ್ಲಿ ನಿಮ್ಮ ನಂಬರೇ ಮೊದಲು ಇತ್ತು ಅಂದ್ರು. ನೋಡ್ದಾ, ಎಸ್ರು ಮೊದ್ಲು ಆಕು ಅಂತ ನಾನ್ ಬಡ್ಕೊಂಡಿದ್ ಯಾಕೆ ಅಂತ? ನೀವೆಲ್ಲಿರೋದು ಅಂದೆ. ಸರಸ್ವತಿಪುರಂ ಅಂದ್ರು. ಸ್ವಂತ ಬಿಲ್ಡಿಂಗಾ ಅಂದೆ. ಊಂ, ಮೂರಂತಸ್ತು ಅಂದ್ರು. ಎಷ್ಟ್ ಜನ ಇದ್ದೀರಿ ಅಂದೆ. ಹದಿನೆಂಟು ಜನ ಅಂದ್ರು. ದೊಡ್ ಕೂಡು ಕುಟುಂಬ ಕಣ್ಲಾ!"

ನಾನು ನೆಂಟರ ಮಾನಕ್ಕಾಗಿ ಹಾಕಿದ ಪಟ್ಟಿಯನ್ನು ಆ ಮನುಷ್ಯ ನನ್ನ ಪರಿಚಯ ಹೇಳಬಲ್ಲವರ ಪಟ್ಟಿ ಎಂದುಕೊಂಡು ಮೊದಲ ನಂಬರಿಗೇ ಫೋನು ಮಾಡಿದ್ದರು. ನಮ್ಮ ಸೀಮೆಯಲ್ಲಿ ಗುರುತಿಲ್ಲದ ಗಂಡಸೊಬ್ಬ ಹೆಣ್ಣುಮಗಳ ಬಗ್ಗೆ 'ಸ್ವಲ್ಪ ವಿಚಾರಿಸಬೇಕು' ಎಂದರೆ ಅದಕ್ಕೆ ಇರುವುದು ಒಂದೇ ಅರ್ಥ. ಕೆಲಸದ ಸುದ್ದಿಯನ್ನು ದೊಡ್ಡಪ್ಪನಿಗೆ ನಾವು ಹೇಳಿಯೇ ಇರಲಿಲ್ಲ.

"ನೀವೇನಂದ್ರಿ ದೊಡ್ಡಪ್ಪ?"

"ಏನನ್ನಾನ? ಬಾಳ ಸಾದು ಉಡುಗಿ ಸಾ, ತಲೆ ಎತ್ ಮಾತಾಡಲ್ಲ, ತಾನಾಗ್ ಏನೂ ಮಾಡಲ್ಲ, ಏಳ್ದಷ್ಟೇ ಮಾಡ್ತಾಳೆ ಅಂದೆ. ಕೆಲಸದಲ್ಲಿ ಆಸಕ್ತಿ ಎಂಗೆ ಅಂದ್ರು. ದುಡಿಯೋ ಎಣ್ಣು ಬ್ಯಾಡ್ವೇನೋ ಅಂತ ಅನ್ನುಸ್ತು ಕಣವ್ವ. ತಕ್ಷಣ ಏಳ್ದೆ: ಅಯ್ಯೋ, ಕಂಪ್ಯೂಟ್ರು ಗಿಂಪ್ಯೂಟ್ರು ಎಲ್ಲಾ ಒತ್ತು ಕಳೆಯಕ್ಕೆ ಸಾ, ನೀವ್ ಬ್ಯಾಡ ಅಂದ್ ದಿವ್ಸವೇ ಬುಟ್ಬುಡ್ತಾಳೆ. ಅವ್ರು, ತಿಳಿಸಿದ್ದಕ್ಕೆ ಬಾಳ ಉಪಕಾರ ಆಯ್ತು ಅಂದ್ರು. ಎಂಥಾ ಮರ್ಯಾದಸ್ತರು!"

ಸ್ವೀಟಿನ ಪೊಟ್ಟಣ ನನ್ನ ಮುಂದಿತ್ತು. ನನಗೆ ಅಳು ಬಂತು. ನಾನು ಅಳುವವಳಲ್ಲ. ಆದರೂ ಅತ್ತೆ. ಅಪ್ಪ ತಲೆ ಮೇಲೆ ಕೈ ಹೊತ್ತು ದೊಡ್ಡಪ್ಪನಿಗೆ ನಿಜ ಸಂಗತಿ ಹೇಳಿದ. ನಾನು ಮುಖ ಒರೆಸಿಕೊಂಡು, ದೊಡ್ಡಪ್ಪನ ಮೊಬೈಲಿನಲ್ಲೇ ಆ ನಂಬರಿಗೆ ತಿರುಗಿ ಮಾಡಿದೆ.

ಶಿವಸ್ವಾಮಿ ಸಮಾಧಾನವಾಗಿಯೇ ಮಾತಾಡಿದರು. "ನಿಮ್ಮ ಕೆಲಸ ನಮಗೆ ತುಂಬ ಹಿಡಿಸಿತ್ತಮ್ಮ. ಆದರೆ ನಮಗೆ ಮೂರು ವರ್ಷ ನಿಲ್ಲುವವರು ಬೇಕು. ನಿಮ್ಮ ಮನೆಯ ಹಿರಿಯರೇ ಬಿಡಿಸಿಬಿಡ್ತೀವಿ ಅನ್ನೋ ಅರ್ಥದಲ್ಲಿ ಹೇಳಿದರು. ಇನ್ನೊಬ್ಬರಿಗೆ ಆರ್ಡರ್ ಟೈಪ್ ಆಗ್ತಾ ಇದೆ." ಅದು ಮದುವೆಯ ವಿಚಾರಣೆ ಅಂದುಕೊಂಡು ಹೇಳಿದ ಮಾತು ಎಂದೆ. "ನೀವು ಹಾಗೆ ಹೇಳಲೇಬೇಕಲ್ಲಮ್ಮ. ನಾನು ಕೇಳಿದ್ದು ಮನೆಯವರನ್ನ" ಎಂದರು.

ಒಂದು ನಿಮಿಷ ಸರ್ ಎಂದು ಮೊಬೈಲನ್ನು ದೊಡ್ಡಪ್ಪನ ಕೈಗೆ ಕೊಟ್ಟೆ. "ನಾನು ಸಾಧು ಅಲ್ಲ, ಹಟಮಾರಿ, ಕೆಲಸ ಬಿಡಲ್ಲ ಅಂತ ಹೇಳಿ ದೊಡ್ಡಪ್ಪ. ಅಷ್ಟೇ ಸಾಕು."

ಅವರು ಮೊಬೈಲನ್ನು ಎದೆಗೆ ಒತ್ತಿ ಹಿಡಿದರು. "ನನ್ ಬಾಯಲ್ಲಾ? ನಮ್ಮನೆ ಎಣ್ ಮಗೀಗೆ ಕೆಟ್ಟೆಸ್ರು ನನ್ ಬಾಯಲ್ಲಾ? ಆಗಲ್ಲ ಕಣವ್ವ. ಬೇಕಾರೆ ಕಾಲಿಡಿ, ಆಗಲ್ಲ." ಅವರು ಪ್ರಾಮಾಣಿಕವಾಗಿಯೇ ನುಡಿಯುತ್ತಿದ್ದರು. ನನ್ನನ್ನು ಹೊಗಳುವುದೊಂದೇ ಅವರಿಗೆ ಗೊತ್ತಿದ್ದ ಪ್ರೀತಿ. ಆ ಪ್ರೀತಿಯಿಂದಲೇ ನನ್ನನ್ನು ಮುಗಿಸಿದ್ದರು. ಅಪ್ಪನ ಕಡೆ ನೋಡಿದೆ. ಅಣ್ಣ ಆಡಿದ ಮಾತನ್ನು ಸುಳ್ಳು ಅನ್ನುವ ಶಕ್ತಿ ಅವನಿಗಿಲ್ಲ.

ಆಗ ಒಳಬಾಗಿಲಿಂದ ಅವ್ವ ಬಂದಳು. ಸೆರಗಿಗೆ ಕೈ ಒರೆಸಿಕೊಂಡು, ಭಾವನ ಮುಂದೆ ಕೈ ಚಾಚಿ, "ಕೊಡಿ ಇಲ್ಲಿ" ಎಂದಳು. ದೊಡ್ಡಪ್ಪ ಬೆರಗಾಗಿ ಕೊಟ್ಟುಬಿಟ್ಟರು.

"ಸಾ, ನಾನು ಅವಳವ್ವ ಕಣ್ ಸಾ, ಮುದ್ದಮ್ಮ ಅಂತ... ಇಲ್ಲ ಸಾ, ಆ ಪಟ್ಟೀಲಿ ನಾನಿಲ್ಲ. ಇದ್ದೋರ್ ಏಳುದ್ದನ್ ಕೇಳುದ್ರಲ್ಲ, ಇಲ್ದೋಳು ಏಳದ್ನೂ ಒಸಿ ಕೇಳಿ. ಅವರ್ ಏಳಿದ್ದು ಒಂದೂ ನಿಜ ಅಲ್ಲ. ನನ್ ಮಗಳು ಬಾಳ ಜೋರು. ಯಾರ್ ಮಾತೂ ಕೇಳಲ್ಲ. ಎದುರುತ್ತರ ಕೊಡ್ತಾಳೆ. ಅವಳ್ ಮಾಡಿದ್ ಮುದ್ದೆ ನಾಯೀನೂ ಮೂಸಲ್ಲ, ನಾನು ದಿನಾ ಇನ್ನೂರ್ ಮಕ್ಕಳ್ಗೆ ಅಡ್ಗೆ ಮಾಡೋಳು ಏಳ್ತಾ ಇವ್ನಿ. ಮೂರ್ ಗಂಡ್ ಬಂದಿದ್ವು ಸಾ, ಮೂರ್ನೂ ಓಡಿಸುದ್ಲು. ಆದ್ರೆ ಒಂದ್ ಕೆಲ್ಸ ಇಡುದ್ರೆ ಸತ್ರೂ ಬುಡಲ್ಲ. ಆ ಮೂರ್ ಎಸ್ರು ಒಂದ್ ಸಾಲಲ್ ನಿಲ್ಸಕ್ಕೆ ಒಂದ್ ತಿಂಗ್ಳು ಒದ್ದಾಡವ್ಳೆ. ನೀವ್ ಬ್ಯಾಡ ಅಂದ್ರೂ ಬುಡಲ್ಲ, ನೋಡ್ಕಳಿ."

ಆ ಕಡೆಯಿಂದ ಏನು ಹೇಳಿದರೋ ನಮಗೆ ಕೇಳಿಸಲಿಲ್ಲ. ಅವ್ವ "ಊಂ ಸಾ" ಎಂದಳು. ಮತ್ತೆ "ಊಂ ಸಾ" ಎಂದಳು. ಮೊಬೈಲನ್ನು ಭಾವನ ಕೈಗೆ ಹಿಂತಿರುಗಿಸಿ ನನ್ನ ಕಡೆ ತಿರುಗಿದಳು.

"ಸೋಮಾರ ಒತ್ತಾರೆ ಒಂಬತ್ತೂವರೆಗೆ ಬರ್ಬೇಕಂತೆ. ಡಿಗ್ರಿ ಕಾಗ್ದ ತತ್ತಾ ಅಂದ್ರು." ಅಷ್ಟು ಹೇಳಿ ಒಳಗೆ ಹೋಗಿ ಒಲೆಯ ಮುಂದೆ ಕೂತಳು.

ದೊಡ್ಡಪ್ಪ ನೀರು ಕುಡಿಯದೆ ಹೋದರು. ಮನೆಯ ಹೆಂಗಸೇ ಮನೆಯ ಹೆಣ್ಣಿನ ಮೇಲೆ ಚಾಡಿ ಹೇಳುವ ಕಾಲ ಬಂತು ಎಂದು ನರಸೀಪುರದಲ್ಲಿ ಇಂದಿಗೂ ಹೇಳುತ್ತಿದ್ದಾರಂತೆ. ಸ್ವೀಟಿನ ಪೊಟ್ಟಣ ಬಿಟ್ಟು ಹೋಗಿದ್ದರು. ನಾನು ಅದನ್ನು ಸೋಮವಾರ ಹದಿನೆಂಟು ಜನರ ಆ ಕೂಡು ಕುಟುಂಬಕ್ಕೆ ಹಂಚಿದೆ.

ಅದಕ್ಕೂ ಮೊದಲು, ಭಾನುವಾರ, ಅವ್ವನನ್ನು ಅಂಗಡಿಗೆ ಕರೆದುಕೊಂಡು ಹೋದೆ. ಅವಳ ಎದುರಿಗೇ ಇಪ್ಪತ್ತಾರು ಹೆಸರುಗಳನ್ನೂ ಅವುಗಳ ನಂಬರುಗಳನ್ನೂ ಅಳಿಸಿದೆ. ಬುದ್ಧ ಉಳಿದ. ಅವನ ಕೆಳಗೆ ಕನ್ನಡದಲ್ಲಿ ಒಂದು ಸಾಲು, ಇಂಗ್ಲಿಷಿನಲ್ಲಿ ಒಂದು ಸಾಲು ಬರೆದೆ: ಮುದ್ದಮ್ಮ, ಅವಳ ಮಗಳು ಯಶೋಧರಾ. ಎಲ್ಲ ಬ್ರೌಸರುಗಳಲ್ಲಿ ತೆರೆದು ನೋಡಿದೆ. ಸರಿಯಾಗಿತ್ತು.

ಅವ್ವನಿಗೆ ಓದಲು ಬರುವುದಿಲ್ಲ. ತನ್ನ ಹೆಸರು ಯಾವುದು ಎಂದು ಕೇಳಿ, ಪರದೆಯ ಮೇಲೆ ಬೆರಳಿಟ್ಟು ನೋಡಿದಳು. ತುಂಬ ಹೊತ್ತು ನೋಡಿದಳು.

"ನಂದ್ಯಾಕ್ ಮ್ಯಾಲ್ ಆಕಿದ್ದೀ ಮೊಗ? ನಿನ್ ಎಸ್ರು ಮ್ಯಾಲಾಕು. ನಂದು ಕೆಳಗಿರ್ಲಿ."

ತನ್ನ ಹೆಸರು ಕೆಳಗೆ ಹೋಗಲಿ ಎಂದು ನಮ್ಮ ಇಡೀ ವಂಶದಲ್ಲಿ ನನ್ನನ್ನು ಕೇಳಿದವಳು ಅವಳೊಬ್ಬಳೇ. ಆದರೆ ನಾನು ಅವಳ ಮಾತು ಕೇಳಲಿಲ್ಲ. ನಾನು ಯಾರ ಮಾತೂ ಕೇಳುವವಳಲ್ಲ ಎಂದು ಅವಳೇ ಆಫೀಸಿಗೆ ಹೇಳಿಯಾಗಿತ್ತಲ್ಲ.